ಎಡಗಡೆಯ ಐದನೇ ಬಾಗಿಲು

ನಮ್ಮ ಬಂಗಲೆಯ ಮೆಟ್ಟಿಲು ಎಷ್ಟು ಉದ್ದವೆಂದರೆ, ಮದುಮಗಳು ಮೇಲಿನಿಂದ ಇಳಿಯಲು ಶುರುಮಾಡಿದಾಗ ನುಣ್ಣಗೆ ಗಡ್ಡ ಬೋಳಿಸಿಕೊಂಡು ಕೆಳಗೆ ನಿಂತಿದ್ದ ಮದುಮಗ, ಅವಳು ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಇನ್ನೊಮ್ಮೆ ಬೋಳಿಸಿಕೊಳ್ಳಬೇಕಾಗುತ್ತದೆ. ನಡುಮನೆಯ ತೂಗುದೀಪದೊಳಗೆ ನಾನು ಕೆಲಸಕ್ಕೆ ಸೇರಿದ ವರ್ಷ ಹೊಕ್ಕ ಗುಬ್ಬಚ್ಚಿಯೊಂದು ಇನ್ನೂ ಹೊರಗೆ ಬರುವ ದಾರಿ ಹುಡುಕುತ್ತಿದೆ. ಈಗ ಅದಕ್ಕೆ ಮೊಮ್ಮಕ್ಕಳು. ಇದನ್ನೆಲ್ಲ ಹನ್ನೊಂದು ವರ್ಷಗಳಿಂದ ಬಂದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ, ಒಬ್ಬರೂ ಎದುರು ಮಾತಾಡಿಲ್ಲ.

ನನ್ನನ್ನು ಎಲ್ಲರೂ ಬೀಗದಕ್ಕ ಎನ್ನುತ್ತಾರೆ. ಸೊಂಟದಲ್ಲಿ ನೂರ ಅರವತ್ತಮೂರು ಬೀಗದ ಕೈಗಳ ಗೊಂಚಲಿದೆ. ಅದರ ಭಾರ ಎಷ್ಟೆಂದರೆ, ಎರಡು ಹೆರಿಗೆಗೆ ರಜೆ ಹಾಕಿದಾಗ ಅದನ್ನು ಕಳಚಿಟ್ಟೆ ನೋಡಿ, ತುಂಬು ಬಸುರಿಯಾಗಿದ್ದರೂ ಗಾಳಿಯಲ್ಲಿ ತೇಲಿದ ಹಾಗಿತ್ತು. ಮದುವೆಗೆ ಜಾಗ ಹುಡುಕಿಕೊಂಡು ಬರುವವರಿಗೆ ಬಂಗಲೆ ತೋರಿಸುವುದು ನನ್ನ ಕೆಲಸ. ಯಜಮಾನಿಗೆ ಈ ಬಂಗಲೆ ಬಂದದ್ದು ಅವರ ಗಂಡನ ಅಜ್ಜಿಯಿಂದ. ಬರುವಾಗ ಸೋರುವ ಮಾಡು, ಹುಲ್ಲು ಬೆಳೆದ ಅಂಗಳ, ಬಾವಲಿಗಳ ಜೊತೆಗೇ ಬಂತು. ಮದುವೆಗಳಿಗೆ ಕೊಡಲು ಶುರುಮಾಡಿದ ಮೇಲೆ ಬಾವಲಿಗಳು ಗದ್ದಲ ತಾಳಲಾರದೆ ಬಿಟ್ಟು ಹೋದವು. ಕುದುರೆ ಲಾಯ ಊಟದ ಹಾಲಾಯಿತು. ಧಾನ್ಯದ ಕಣಜ ವರನ ಕಡೆಯವರ ಕೋಣೆಯಾಯಿತು. ಬಂದೂಕು ಇಡುತ್ತಿದ್ದ ಕೋಣೆಯಲ್ಲಿ ಈಗ ಮದುಮಗಳಿಗೆ ಅಲಂಕಾರ ಮಾಡುತ್ತಾರೆ.

ಬಂಗಲೆಗೆ ಎಂಟುನೂರು ವರ್ಷ ಎಂದು ನಾನು ಹೇಳುತ್ತೇನೆ. ಹೆಬ್ಬಾಗಿಲ ಕಲ್ಲಿನ ಮೇಲಿನ ಇಸವಿ ನೋಡಿ ಲೆಕ್ಕ ಹಾಕಿದರೆ ನೂರ ಅರವತ್ತಕ್ಕೆ ನಿಲ್ಲುತ್ತದೆ. ಕಲ್ಲು ಕೆತ್ತಿದವನಿಗೆ ಅಂಕಿ ಬರುತ್ತಿರಲಿಲ್ಲ ಎಂದು ವಿವರಿಸುತ್ತೇನೆ. "ಬೀಗದಕ್ಕ, ಸ್ವಲ್ಪ ನಾಲಿಗೆ ಬಿಗಿಹಿಡಿದು ಹೇಳು" ಎಂದು ಯಜಮಾನಿ ಆಗಾಗ ಗದರುತ್ತಾರೆ. ಆದರೆ ನಾನು ಜ್ವರ ಬಂದು ಮಲಗಿದ ವಾರ ಅವರೇ ಬಂಗಲೆ ತೋರಿಸಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬಂದ ನಾಲ್ಕು ಮನೆಯವರೂ ನೀರು ಕುಡಿದು ಹೊರಟು ಹೋದರು.

ನನ್ನ ಎಲ್ಲ ಕಥೆಗಳ ಕಳಶ ಇದ್ದದ್ದು ಮೇಲಂತಸ್ತಿನಲ್ಲಿ. ಅಲ್ಲೊಂದು ಉದ್ದನೆಯ ಕಾರಿಡಾರು. ಬಲಗಡೆ ಐದು ಬಾಗಿಲು, ಎಡಗಡೆ ಐದು ಬಾಗಿಲು, ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ. ಒಂಬತ್ತು ತೆರೆಯುತ್ತವೆ. ಎಡಗಡೆಯ ಐದನೆಯದು ಮಾತ್ರ ತೆರೆಯುವುದಿಲ್ಲ. ನೂರ ಅರವತ್ತಮೂರು ಬೀಗದ ಕೈಗಳನ್ನೂ ಹಾಕಿ ನೋಡಿದ್ದೇನೆ, ಒಂದೂ ಒಳಗೆ ಪೂರ್ತಿ ಇಳಿಯಲಿಲ್ಲ. ಎರಡರ ಹಲ್ಲು ಮುರಿದೇ ಹೋಯಿತು. ಭುಜ ಕೊಟ್ಟು ನೂಕಿದ್ದೇನೆ; ನಾನು ನೂಕಿದರೆ ಲಾರಿಯೂ ಜರುಗುತ್ತದೆ, ಇದು ಜರುಗಲಿಲ್ಲ. ಇನ್ನೊಂದು ವಿಚಿತ್ರ ಕೇಳಿ. ಮದುವೆಯ ದಿನಗಳಲ್ಲಿ ಆ ಬಾಗಿಲು ಬೆಚ್ಚಗಿರುತ್ತದೆ. ಉಳಿದ ದಿನ ತಣ್ಣಗೆ.

ಬಿಡುತ್ತೇನೆಯೇ ನಾನು! ಪ್ರೀತಿಸಿ ಮದುವೆಯಾಗುವ ಜೋಡಿಗೆ, ಅದರ ಹಿಂದೆ ಒಬ್ಬಳು ತನ್ನವನಿಗೆ ಬರೆದು ಕಳಿಸದೇ ಇಟ್ಟ ಒಂಬತ್ತು ಸಾವಿರ ಕಾಗದಗಳಿವೆ ಎಂದೆ. ಸೈನ್ಯದಲ್ಲಿದ್ದವರ ಮನೆಯವರಿಗೆ ಕತ್ತಿ, ಈಟಿ, ಒಂದು ಸಣ್ಣ ಫಿರಂಗಿ. ಮದುವೆಯ ದಿನವೇ ನೋಡಲು ಬಂದ ಹೆದರುಪುಕ್ಕಲರಿಗೆ ಏನೂ ಹೇಳದೆ ಬಾಗಿಲ ಮೇಲೆ ಅವರ ಅಂಗೈ ಇಡಿಸಿ, "ಬೆಚ್ಚಗಿದೆ ಅಲ್ವಾ?" ಎಂದಷ್ಟೇ ಕೇಳಿದೆ. ಅವರು ಅಲ್ಲೇ ನಿಂತು ದಿನ ಗೊತ್ತುಮಾಡಿದರು. ಆದರೆ ನಿಜ ಹೇಳುತ್ತೇನೆ, ಎಲ್ಲರನ್ನೂ ಕಳಿಸಿದ ಮೇಲೆ ಆ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದವಳು ನಾನೊಬ್ಬಳೇ. ಅದರ ಹಿಂದೆ ಏನಿದೆ ಎಂದು ತಿಳಿಯದೆ ನನ್ನ ಹೊಟ್ಟೆಗೆ ಹಾಕಿದ ಅನ್ನ ಹನ್ನೊಂದು ವರ್ಷದಿಂದ ಅರಗಿರಲಿಲ್ಲ.

ಒಂದು ಬೆಳಿಗ್ಗೆ ಮೂವರು ಬಂದರು. ಮದುಮಗಳಾಗುವವಳು, ಅವಳ ತಾಯಿ, ಮತ್ತು ತಾಯಿಯ ತಂದೆ. ಹುಡುಗಿ ಜಮೀನು ಅಳೆಯುವ ಕೆಲಸದವಳು. ಕೈಯಲ್ಲಿ ಅಳತೆ ಟೇಪು, ಕಿವಿಯ ಹಿಂದೆ ಪೆನ್ಸಿಲು, ಎದೆಗವಚಿಕೊಂಡ ನೋಟುಪುಸ್ತಕ. ಅವಳು ಅಳೆದು ಒಪ್ಪಿದ ಮೇಲೆ ವರ ನೋಡಿ ಒಪ್ಪುವುದೆಂದು ಅವರಿಬ್ಬರೊಳಗೆ ಮಾತಾಗಿತ್ತಂತೆ. ತಾತ ಹಳೆಯ ಬಡಗಿ. ಎಂಬತ್ತು ದಾಟಿದ್ದರು, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು, ಮನುಷ್ಯರ ಆಕಾರ, ಅಷ್ಟೇ ಕಾಣುವುದು.

ತಾಯಿ ಒಳಗೆ ಕಾಲಿಡುತ್ತಲೇ ನನ್ನ ಕಿವಿಯ ಹತ್ತಿರ ಬಂದರು. "ನೋಡಮ್ಮಾ, ನಮ್ಮಪ್ಪ ಏನಾದ್ರೂ ಹೇಳಿದ್ರೆ ಮನಸ್ಸಿಗೆ ಹಚ್ಕೋಬೇಡಿ. ಬರೋ ದಾರೀಲಿ ಸೇತುವೆ ಕಂಡ್ರೆ ಅದನ್ನೂ ತಾನೇ ಕಟ್ಟಿದ್ದು ಅಂತಾರೆ."

"ಸೇತುವೆ ಕಟ್ಟಿದೆ ಅನ್ನಲಿಲ್ಲ," ಎಂದಿತು ಹಿಂದಿನಿಂದ ಗಡಸು ದನಿ. "ಅದರ ಕಟಕಟೆ ಮರದ್ದಿದ್ದಾಗ ಅದನ್ನ ಮಾಡಿದ್ದು ನಾನು ಅಂದೆ. ನಿಂದೇನೇ ಮಾತು? ಅಪ್ಪ ಹೇಳಿದ್ದನ್ನ ಅರ್ಧಕ್ಕೆ ಕತ್ತರಿಸಿ ಹಂಚ್ತಾಳೆ."

ನನಗೆ ಮುದುಕ ತಕ್ಷಣ ಹಿಡಿಸಿದರು. ಒಬ್ಬ ಬುರುಡೆಯವನನ್ನು ಇನ್ನೊಬ್ಬ ಬುರುಡೆಯವಳು ದನಿಯಲ್ಲೇ ಗುರುತಿಸುತ್ತಾಳೆ.

ತಾಯಿ ಅಡುಗೆಮನೆ ನೋಡಲು ಹೋದಾಗ, ಲಾಯದ ಕಂಬದಿಂದ ಕಂಬಕ್ಕೆ ಟೇಪು ಎಳೆಯುತ್ತಾ ಹುಡುಗಿ ನನಗೆ ವಿಷಯ ತಿಳಿಸಿದಳು. ಹದಿನೈದು ದಿನದ ಹಿಂದೆ ಎರಡೂ ಮನೆಯವರು ಕೂತು ಮಾತಾಡಿದ್ದರು. ಮದುವೆ ಎಲ್ಲಿ ಎಂಬ ಮಾತಿಗೆ ಈ ಬಂಗಲೆಯ ಹೆಸರು ಬಂತು. ತಾತ ಎದ್ದು ಕೂತು, "ಅಲ್ಲಿ ಆಮೇಲೆ ಮೇಲಂತಸ್ತು ಎಬ್ಬಿಸಿದಾಗ ಅದರ ಬಾಗಿಲು ಮಾಡಿದ್ದು ನಾವು. ನಾಲ್ಕು ಬೆರಳುದ್ದದ ಮೊಳೆ ಒಂದೇ ಏಟಿಗೆ ಇಳಿಸ್ತಿದ್ದೆ. ಅದಕ್ಕೇ ಮೇಸ್ತ್ರಿ ನನಗೆ ಒಂದೇಟಿನವ ಅಂತ ಹೆಸರಿಟ್ಟು ಅಲ್ಲೇ ಒಂದು ಬಾಗಿಲ ಬೆನ್ನ ಮೇಲೆ ಬರೆದ" ಎಂದರು. ವರನ ದೊಡ್ಡಪ್ಪ ಚಹಾ ಚೆಲ್ಲುವ ಹಾಗೆ ನಕ್ಕು, "ಹೌದೌದು, ಚಂದ್ರನಿಗೆ ಸುಣ್ಣ ಹೊಡೆದದ್ದು ನಮ್ಮಪ್ಪ" ಎಂದರು. ಎಲ್ಲರೂ ನಕ್ಕರು. ತಾಯಿಯೂ ನಕ್ಕರು.

"ಅವತ್ತಿಂದ ತಾತ ಮದುವೆಗೆ ಬರಲ್ಲ ಅಂತ ಕೂತಿದಾರೆ," ಎಂದಳು ಹುಡುಗಿ. "ಬುರುಡೆ ತಾತನ್ನ ಕರ್ಕೊಂಡು ಹೋಗಿ ಏನ್ ಮಾಡ್ತೀರಿ ಅಂತಾರೆ. ತಾತ ಇಲ್ದೆ ನಾನು ಮದುವೆ ಆಗಲ್ಲ ಅಕ್ಕಾ. ನನಗೆ ನಡೆಯೋಕೆ ಕಲಿಸಿದ್ದು ಅವರು, ಟೇಪು ಹಿಡಿಯೋಕೆ ಕಲಿಸಿದ್ದೂ ಅವರೇ."

"ನಂಬ್ತೀನಿ ತಾತಾ ಅಂದುಬಿಡು, ಮುಗೀತು."

"ನಾನು ಅಳೀದೆ ಏನನ್ನೂ ನಂಬೋಳಲ್ಲ ಅಂತ ಅವರಿಗೆ ಗೊತ್ತು. ಸುಮ್ನೆ ಅಂದ್ರೆ ಇನ್ನೂ ಕೋಪ ಬರುತ್ತೆ. ಅದಕ್ಕೇ ಇವತ್ತು ಕರ್ಕೊಂಡು ಬಂದೆ. ಆ ಬಾಗಿಲು ಸಿಗಬೇಕು, ಅದರ ಬೆನ್ನು ನೋಡಬೇಕು. ಅಷ್ಟೇ ದಾರಿ."

ಅಳೀದೆ ನಂಬದ ಹುಡುಗಿ! ಲಾಯ ಮುನ್ನೂರು ಕುದುರೆಗಳದ್ದು ಎಂದು ಆಗ ತಾನೇ ಹೇಳಿದ್ದೆ. ಅವಳು ಟೇಪು ಸುತ್ತಿಕೊಂಡು, "ಹದಿನಾಲ್ಕು ಕುದುರೆ, ಅದೂ ಒತ್ತಿಕೊಂಡು ನಿಂತರೆ" ಎಂದು ಬರೆದುಕೊಂಡಳು. ನಾನು ಮುಂದಿನ ಅಂಕಿ ಹೇಳದೆ ಮೆಟ್ಟಿಲ ಕಡೆ ನಡೆದೆ.

ಮೇಲಂತಸ್ತಿಗೆ ಹೋದೆವು. ತಾತನಿಗೆ ಒಂದು ಕುರ್ಚಿ ಹಾಕಿಸಿದೆ. ಅವರು ಕೂರಲಿಲ್ಲ. ಗೋಡೆ ಹಿಡಿದುಕೊಂಡು ಒಂದೊಂದೇ ಬಾಗಿಲಿನ ಮೇಲೆ ಅಂಗೈ ಇಡುತ್ತಾ, ದನಗಳ ಮೈ ಸವರಿದ ಹಾಗೆ ಸವರುತ್ತಾ ನಡೆದರು. ಎಡಗಡೆಯ ಐದನೆಯದಕ್ಕೆ ಬಂದಾಗ ನಾನು ರೂಢಿಯಂತೆ ಗಂಟಲು ಸರಿಮಾಡಿಕೊಂಡೆ. "ಇದರ ಹಿಂದೆ ಏಳು ವರ್ಷ ಯಾರ ಜೊತೇನೂ ಮಾತಾಡದ ಒಬ್ಬ ಮದುಮಗಳು…"

"ಎಷ್ಟು ಚೆನ್ನಾಗಿ ಬಿಡ್ತೀಯಮ್ಮಾ!" ಎಂದರು ತಾತ, ಮನಸಾರೆ ಮೆಚ್ಚಿ. "ಏಳೇ ವರ್ಷ ಯಾಕೆ? ಹದಿನಾಲ್ಕು ಮಾಡು, ನಡೆಯುತ್ತೆ. ಮಗೂ, ಇದೇ ನೋಡು ಬಾಗಿಲು."

"ಅಪ್ಪಾ," ಎಂದರು ತಾಯಿ, "ತೆರೆಯದ ಬಾಗಿಲು ಒಂದಿದೆ ಅಂತ ಗೊತ್ತಾಗುತ್ಲೇ ಅದನ್ನೇ ಹಿಡ್ಕೊಂಡ್ರಿ. ಬುದ್ಧಿವಂತರು."

ಮುದುಕರ ಮುಖ ಮುದುಡಿತು. ಅವರು ಕುರ್ಚಿಯಲ್ಲಿ ಕೂತುಬಿಟ್ಟರು. ಹುಡುಗಿ ಮಾತ್ರ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ಹೊರಗಿಂದ ಈ ಕಡೆಗೆ ಎಷ್ಟು ಕಿಟಕಿ?" ಎಂದು ಕೇಳಿದಳು.

"ಐದು."

"ನಾಲ್ಕು. ಬರುವಾಗಲೇ ಎಣಿಸಿದೆ. ಆ ಕಡೆ ಐದು, ಈ ಕಡೆ ನಾಲ್ಕು." ತಾಯಿಯ ಕೈಹಿಡಿದು, "ಅಮ್ಮಾ, ಟೇಪಿನ ಆ ತುದಿ ಹಿಡ್ಕೊಳ್ಳೋಕೆ ಬಾ, ಹೊರಗಿನ ಗೋಡೆ ಅಳೀಬೇಕು" ಎಂದು ಎಳೆದುಕೊಂಡೇ ಹೋದಳು.

ಹನ್ನೊಂದು ವರ್ಷ! ದಿನಕ್ಕೆ ಸಾವಿರ ಸಲ ಆ ಅಂಗಳ ದಾಟಿದ್ದೇನೆ. ಎಲ್ಲರ ಮೈಮೇಲಿನ ಒಡವೆ ಎಣಿಸಿದ್ದೇನೆ, ನಮ್ಮ ಬಂಗಲೆಯ ಕಿಟಕಿ ಎಣಿಸಿರಲಿಲ್ಲ.

ಕಾರಿಡಾರಿನಲ್ಲಿ ನಾವಿಬ್ಬರೇ ಉಳಿದೆವು. ತಾತ ಸ್ವಲ್ಪ ಹೊತ್ತು ಮಂಡಿ ಉಜ್ಜಿಕೊಂಡರು. ಆಮೇಲೆ ದನಿ ತಗ್ಗಿಸಿ, "ಏನಮ್ಮಾ, ನೀನೂ ನನ್ನ ಜಾತಿಯೋಳೇ, ಅದಕ್ಕೆ ಹೇಳ್ತೀನಿ" ಎಂದರು. "ಈ ಬಾಗಿಲ ಬೆನ್ನನ್ನ ನಾನು ನೋಡೇ ಇಲ್ಲ."

"ಅಂದ್ರೆ?"

"ಅವತ್ತು ನಾನು ಇಲ್ಲಿ ಮೇಲೆ ಚೌಕಟ್ಟು ಹಿಡ್ಕೊಂಡು ನಿಂತಿದ್ದೆ. ಕೆಳಗೆ ಅಂಗಳದಲ್ಲಿ ಬಾಗಿಲು ಮಲಗಿಸಿ ಮೇಸ್ತ್ರಿ ಎಲ್ಲರ ಹೆಸರು ಬರೀತಿದ್ದ. 'ನಿಂದೂ ಬರೆದೆ ಕಣೋ, ಒಂದೇಟಿನವಾ!' ಅಂತ ಕೂಗಿದ. ಆಮೇಲೆ ಎಲ್ಲರೂ ನಕ್ಕರು. ಏಳು ಜನ ಒಟ್ಟಿಗೆ. ಬಾಗಿಲು ಮೇಲಕ್ಕೆ ತಂದ್ರು, ಬೆನ್ನು ಗೋಡೆ ಕಡೆ ಮಾಡಿ ಕೂರಿಸಿದ್ರು, ಮುಗೀತು." ಅವರು ಪೊರೆಗಣ್ಣುಗಳನ್ನು ಬಾಗಿಲಿನ ಕಡೆ ತಿರುಗಿಸಿದರು. "ಅರವತ್ತು ವರ್ಷ ಆಯ್ತು. ಯಾಕೆ ನಕ್ಕರು ಅಂತ ಇನ್ನೂ ಯೋಚನೆ ಮಾಡ್ತೀನಿ."

ನಾನು ಕುರ್ಚಿಯ ಪಕ್ಕ ಕುಕ್ಕರಿಸಿದೆ.

"ಹಾಗಾದ್ರೆ ತೆಗೆಸೋದು ಬೇಡ ಬಿಡಿ," ಎಂದೆ. "ಬಾಗಿಲು ಕಚ್ಕೊಂಡಿದೆ, ಬರಲ್ಲ ಅಂತ ನಾನೇ ಹೇಳ್ತೀನಿ."

"ತೆಗೆಸದಿದ್ರೆ ನಾನು ಸುಳ್ಳ. ತೆಗೆಸಿದ್ರೆ ಏನಾಗ್ತೀನೋ ಗೊತ್ತಿಲ್ಲ." ಅವರು ನಕ್ಕರು, ಹಲ್ಲಿಲ್ಲದ ನಗು. "ಆದ್ರೂ ನೋಡು, ತಿಳ್ಕೋಬೇಕು ಅನ್ನಿಸುತ್ತಲ್ಲಾ! ನಿನಗೂ ಅನ್ನಿಸ್ತಿದೆ. ನಿನ್ನ ಗೊಂಚಲು ಒಂದೇ ಸಮ ಕುಣೀತಿದೆ."

ಹುಡುಗಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಹಿಂದೆ ತಾಯಿ ಏದುಸಿರು ಬಿಡುತ್ತಾ, ಅವರ ಹಿಂದೆ ಸುದ್ದಿ ಕೇಳಿ ಕಚೇರಿ ಕೋಣೆ ಬಿಟ್ಟು ಬಂದ ಯಜಮಾನಿ.

"ಇದರ ಹಿಂದೆ ಕೋಣೆಯಿಲ್ಲ," ಎಂದಳು ಹುಡುಗಿ. "ನಾಲ್ಕನೇ ಕೋಣೆ ಮುಗಿದ ಮೇಲೆ ಅಡುಗೆಮನೆಯ ಹೊಗೆಗೂಡು ಮೇಲಕ್ಕೆ ಹೋಗುತ್ತೆ. ಅದು ಬಿಟ್ರೆ ಹೊರಗಿನ ಗೋಡೆ. ಬಾಗಿಲಿಗೂ ಹೊಗೆಗೂಡಿನ ಇಟ್ಟಿಗೆಗೂ ಮಧ್ಯೆ ಉಳಿಯೋದು ಒಂದು ಗೇಣು. ಹೆಚ್ಚಿಲ್ಲ, ಕಡಿಮೆಯಿಲ್ಲ."

ಮದುವೆಯ ದಿನ ಬಾಗಿಲು ಬೆಚ್ಚಗಾಗುತ್ತಿದ್ದುದು ಏಕೆಂದು ಆ ಕ್ಷಣ ಹೊಳೆಯಿತು. ಸಾವಿರ ಜನಕ್ಕೆ ಅಡುಗೆಯಾಗುವಾಗ ಕೆಳಗಿನ ಒಲೆಗಳ ಬಿಸಿ! ನನ್ನ ಒಂಬತ್ತು ಸಾವಿರ ಕಾಗದ, ಫಿರಂಗಿ, ಮಾತಾಡದ ಮದುಮಗಳು, ಎಲ್ಲ ಒಂದೇ ಸಲ ಹೊಗೆಯಾಗಿ ಹೋದವು.

"ಮತ್ತೆ ಬಾಗಿಲು ಯಾಕಿಟ್ಟರು?" ಎಂದರು ಯಜಮಾನಿ.

"ನಿಮ್ಮ ಹಿರಿಯ ಯಜಮಾನಮ್ಮನಿಗೋಸ್ಕರ," ಎಂದರು ತಾತ, ಬೆನ್ನು ನೆಟ್ಟಗೆ ಮಾಡಿ. "ಆ ಕಡೆ ಐದು, ಈ ಕಡೆ ನಾಲ್ಕು ಅಂದ್ರೆ ಅವರಿಗೆ ತಲೆನೋವು ಬರ್ತಿತ್ತು. ಒಂದು ಜೊತೆ ಚಪ್ಪಲೀಲಿ ಒಂದು ಸವೆದ್ರೆ ಇನ್ನೊಂದನ್ನ ಕಲ್ಲಿಗೆ ಉಜ್ಜಿಸ್ತಿದ್ದ ಹೆಂಗಸು. ಕೋಣೆ ಇಲ್ಲದಿದ್ರೂ ಪರವಾಗಿಲ್ಲ, ಬಾಗಿಲು ಬೇಕು ಅಂದ್ರು. ಬೀಗದ ತೂತು ಅರ್ಧ ಇಂಚು ಕೊರೆದು ಬಿಟ್ವಿ. ಕೀಲು ಎರಡೂ ಬರೀ ತೋರಿಕೆಗೆ."

ಅರ್ಧ ಇಂಚು! ಅದರೊಳಗೆ ನಾನು ಹನ್ನೊಂದು ವರ್ಷ ನೂರ ಅರವತ್ತಮೂರು ಬೀಗದ ಕೈ ತಿರುಗಿಸಿದ್ದೆ.

"ಹಾಗಾದ್ರೆ ತೆಗೆಯೋದೇ ಸಾಧ್ಯವಿಲ್ಲ," ಎಂದರು ತಾಯಿ, ಗೆದ್ದ ದನಿಯಲ್ಲಿ.

"ಸಾಧ್ಯವಿಲ್ಲದ್ದನ್ನ ಬಡಗಿ ಮಾಡ್ತಾನಾ? ಹೊಗೆಗೂಡು ಬಿರುಕು ಬಿಟ್ರೆ ಗಾರೆಯವನು ಎಲ್ಲಿಂದ ಒಳಗೆ ಹೋಗಬೇಕು? ಇದು ತೆರೆಯೋ ಬಾಗಿಲಲ್ಲ, ಎತ್ತೋ ಬಾಗಿಲು. ಮೇಲೆ ಚೌಕಟ್ಟಿನಲ್ಲಿ ಎರಡು ಬೆರಳು ಆಳದ ಸಂದು ಬಿಟ್ಟಿದೆ. ಎತ್ತು, ಕೆಳಗಿನ ತುದಿ ನಿನ್ನ ಕಡೆ ಎಳಿ, ಇಳಿಸು. ಸುತ್ತ ಬಣ್ಣ ಹತ್ತಿರುತ್ತೆ, ಮೊದಲು ಚಾಕು ಆಡಿಸು."

ಬಣ್ಣ ಎಷ್ಟು ಪದರ ಇತ್ತೆಂದರೆ ಮೊದಲ ಪದರ ತಲುಪುವಷ್ಟರಲ್ಲಿ ಮೂವರು ಯಜಮಾನಿಯರ ಕಾಲ ಹಿಂದೆ ಹೋಗಿದ್ದೆವು. ಹುಡುಗಿ ಒಂದು ಕಡೆ, ನಾನು ಒಂದು ಕಡೆ ಚಾಕು ಆಡಿಸಿದೆವು. ಯಜಮಾನಿ ಬೇಡ ಎನ್ನುತ್ತಾರೆಂದು ಕಾದೆ. ಅವರು ಆಗಲೇ ಮೊಣಕಾಲೂರಿ ಕೆಳಗಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದರು. ಆಮೇಲೆ ನಾನು ತೋಳೇರಿಸಿಕೊಂಡು ಎತ್ತಿದೆ. ಒಬ್ಬಳೇ ಎತ್ತಿದೆ. ಹುಡುಗಿ ಮತ್ತು ಯಜಮಾನಿ ತಾವೂ ಕೈಹಾಕಿದ್ದೆವು ಎನ್ನುತ್ತಾರೆ, ಇರಲಿ.

ಬಾಗಿಲು ನಿಟ್ಟುಸಿರು ಬಿಟ್ಟ ಹಾಗೆ ಕಳಚಿ ಬಂತು. ಹಿಂದೆ ಇಟ್ಟಿಗೆಯ ಗೋಡೆ, ಒಂದು ಗೇಣು ಕತ್ತಲೆ, ಒಂದು ಮುಷ್ಟಿ ಮರದ ಹೊಟ್ಟು. ಬಾಗಿಲನ್ನು ತಿರುಗಿಸಿ, ಬೆನ್ನು ನಮ್ಮ ಕಡೆ ಬರುವ ಹಾಗೆ ಎದುರು ಗೋಡೆಗೆ ಒರಗಿಸಿದೆವು.

ಬಣ್ಣ ಕಾಣದ ಹಲಗೆ, ನಿನ್ನೆ ಹತ್ತರಿ ಉಜ್ಜಿ ನಯಮಾಡಿದ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಬಡಗಿಯ ದಪ್ಪ ಪೆನ್ಸಿಲಿನಲ್ಲಿ ಸಾಲಾಗಿ ಹೆಸರುಗಳು: ಎಡಗೈಯವ. ಗೊರಕೆ. ಉಳಿ ಮರೆಯುವವ. ಮೌನಿ. ಹೀಗೆ ಏಳು. ಕೊನೆಯಲ್ಲಿ ಎಂಟನೆಯದು.

ಹತ್ತೇಟಿನವ.

ಪಕ್ಕದಲ್ಲಿ ಒಂದು ಮೊಳೆಯ ಚಿತ್ರ. ಮೊಳೆ ಮೊಣಕೈ ಮಡಿಸಿದ ಹಾಗೆ ಸೊಟ್ಟಗಿತ್ತು.

ತಾತ ಕುರ್ಚಿಯಿಂದ ಎದ್ದು, ತಡವರಿಸುತ್ತಾ ಬಂದು, ಹಲಗೆಯ ಮೇಲೆ ಅಂಗೈ ಸವರಿದರು. ಪೆನ್ಸಿಲ್ ಬರಹ ಬೆರಳಿಗೆ ಸಿಗುವುದಿಲ್ಲ.

"ಇದೆಯಾ?" ಎಂದರು.

"ಇದೆ ತಾತಾ. ಎಂಟು ಹೆಸರಿದೆ," ಎಂದಳು ಹುಡುಗಿ. "ಕೊನೇದರ ಪಕ್ಕ ಒಂದು ಮೊಳೆ ಚಿತ್ರ ಇದೆ."

"ಎಂಟನೇದು ನಂದೇ. ಏನಂತ ಬರೆದಿದಾನೆ?"

ಒಂದಂಗುಲ ಹೆಚ್ಚು ಬರೆದರೆ ಅಕ್ಕಪಕ್ಕದ ಜಮೀನಿನವರು ಹೊಡೆದಾಡಿಕೊಳ್ಳುವ ಕೆಲಸ ಅವಳದ್ದು. ಸುಳ್ಳು ಅವಳ ನಾಲಿಗೆಗೆ ಹತ್ತಲಿಲ್ಲ. ಅವಳು ನನ್ನ ಕಡೆ ನೋಡಿದಳು. ಇದು ನನ್ನ ಕೆಲಸ ತಾನೇ? ಎಂಟುನೂರು ವರ್ಷದ ಬಂಗಲೆ, ಮುನ್ನೂರು ಕುದುರೆಯ ಲಾಯ! ಹನ್ನೊಂದು ವರ್ಷದಲ್ಲಿ ಒಂದು ಲಕ್ಷ ಸುಳ್ಳು ಹೇಳಿದ ಈ ಬಾಯಿಗೆ ಒಂದು ಪದ ಬದಲಿಸಿ ಓದಲು ಆಗಲಿಲ್ಲ. ಯಜಮಾನಿ ಕೆಮ್ಮಿದರು.

ಆಗ ತಾಯಿ ನಮ್ಮಿಬ್ಬರನ್ನೂ ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಹಲಗೆಗೆ ಮುಖ ಹತ್ತಿರ ಮಾಡಿ ತುಂಬ ಹೊತ್ತು ನೋಡಿದರು. ಅವರ ಭುಜ ಇಳಿದದ್ದನ್ನು ನಾನು ಕಂಡೆ. ಆಮೇಲೆ ತಂದೆಯ ಕಡೆ ತಿರುಗಿ, ಪಾಠ ಓದುವ ಮಗುವಿನ ಹಾಗೆ ಸ್ಪಷ್ಟವಾಗಿ ಹೇಳಿದರು.

"ಒಂದೇಟಿನವ ಅಂತ ಬರೆದಿದೆ ಅಪ್ಪಾ."

ತಾತನ ಅಂಗೈ ಹಲಗೆಯ ಕೊನೆಯ ಸಾಲಿನತ್ತ ಇಳಿಯಿತು.

"ಮೊಳೆ?" ಎಂದರು. "ಮೊಳೆ ನೆಟ್ಟಗಿದೆಯಾ?"

"ನೆಟ್ಟಗಿದೆ. ಬಾಣದ ಹಾಗಿದೆ."

"ಸರಿಯಾಗಿ ನೋಡಿದೆಯಾ?"

"ಸರಿಯಾಗೇ ನೋಡಿದೆ."

ತಾತ ಮಗಳ ಮುಖದ ಕಡೆ, ಅಂದರೆ ಮುಖ ಇರಬೇಕಾದ ಬೆಳಕಿನ ಕಡೆ, ದಿಟ್ಟಿಸಿದರು. "ನಿನ್ನ ಕಣ್ಣು ಚೆನ್ನಾಗಿದೆ ಕಣೇ" ಎಂದರು. "ನಿಮ್ಮಮ್ಮನ ಕಣ್ಣು." ಬಾಗಿಲನ್ನು ಎರಡು ಸಲ ತಟ್ಟಿದರು. "ಮೇಸ್ತ್ರಿ ಒಳ್ಳೆಯವನೇ ಇದ್ದ. ಹ್ಞೂಂ, ಎತ್ತಿ ಹಾಕಿ ಇದನ್ನ. ಮದುವೆ ಯಾವತ್ತು ಅಂದ್ರಿ?"

ಹುಡುಗಿ ಮೂಗೊರೆಸಿಕೊಂಡು ನೋಟುಪುಸ್ತಕ ತೆರೆದಳು. ಮೇಲಂತಸ್ತಿನ ನಕ್ಷೆಯಲ್ಲಿ ಎಡಗಡೆಯ ಐದನೇ ಬಾಗಿಲಿನ ಜಾಗದಲ್ಲಿ, "ಗೋಡೆಗೆ ಒಂದು ಗೇಣು. ಒಂದು ಏಟು" ಎಂದು ಬರೆದದ್ದನ್ನು ಅವಳ ಭುಜದ ಮೇಲಿಂದ ನಾನು ಓದಿದೆ. ಆ ಪುಸ್ತಕದಲ್ಲಿ ಅವಳು ಅಳೆಯದೆ ಬರೆದದ್ದು ಅದೊಂದೇ ಸಾಲು ಇರಬೇಕು.

ಅಂದಿನಿಂದ ಬಂದವರಿಗೆ ನಾನು ನಿಜ ಹೇಳತೊಡಗಿದೆ. ಇದರ ಹಿಂದೆ ಕೋಣೆಯಿಲ್ಲ, ಒಂದು ಗೇಣು ಜಾಗ, ಆಮೇಲೆ ಹೊಗೆಗೂಡು, ಅಷ್ಟೇ. ಒಬ್ಬರೂ ನಂಬಲಿಲ್ಲ. "ಅಕ್ಕಾ, ಮುಚ್ಚಿಡ್ತಿದೀರಿ, ಏನೋ ಇದೆ" ಎಂದು ಕಣ್ಣು ಮಿಟುಕಿಸಿ ದಿನ ಗೊತ್ತುಮಾಡಿಕೊಂಡು ಹೋದರು.

ಮದುವೆಯ ದಿನ ಬಂತು. ಜನ ಎಷ್ಟಿತ್ತೆಂದರೆ, ಅಂಗಳದಲ್ಲಿ ಎಸೆದ ಹೂವು ನೆಲಕ್ಕೆ ಬೀಳಲು ಜಾಗವಿಲ್ಲದೆ ಮಧ್ಯಾಹ್ನದವರೆಗೆ ತಲೆಗಳ ಮೇಲೆಯೇ ತಿರುಗಾಡಿತು. ತಾತ ಒಗೆದು ಗಂಜಿ ಹಾಕಿದ ಬಟ್ಟೆಯಲ್ಲಿ, ಯಾರ ಕೈಯನ್ನೂ ಹಿಡಿಯದೆ, ಗೋಡೆ ಹಿಡಿದು ಮೇಲಂತಸ್ತಿಗೆ ಬಂದರು. ಹಿಂದೆಯೇ ವರನ ದೊಡ್ಡಪ್ಪ, ಅವರ ಹಿಂದೆ ಅವರ ನಗುವಿಗೆ ಜೊತೆಗೂಡುವ ನಾಲ್ಕೈದು ಜನ. ತಾಯಿ ಓಡೋಡಿ ಬಂದರು. ಅವರ ಮುಖ ಸುಣ್ಣದ ಹಾಗೆ ಬಿಳಚಿತ್ತು.

"ಇದೇನಾ ಆ ಬಾಗಿಲು?" ಎಂದರು ದೊಡ್ಡಪ್ಪ. "ಹೆಸರಿದೆಯಂತೆ, ಸೊಸೆಯಾಗೋಳು ಹೇಳಿದಳು. ನಾವೂ ಒಂದ್ಸಲ ಕಣ್ತುಂಬ ನೋಡಬಹುದಲ್ವಾ? ತೆಗೆಸಿ ಮತ್ತೆ."

"ನೀವು ಸುಣ್ಣದ ಬಕೆಟ್ ತಂದಿದ್ದೀರಾ?" ಎಂದೆ ನಾನು. "ಚಂದ್ರ ಇವತ್ತು ಸ್ವಲ್ಪ ಕಪ್ಪಗಿದಾನೆ." ಜೊತೆಗಿದ್ದವರು ಈ ಸಲ ತಪ್ಪು ಕಡೆಗೆ ನಕ್ಕರು. ಆದರೂ ದೊಡ್ಡಪ್ಪ ಜಗ್ಗಲಿಲ್ಲ. ಚೌಕಟ್ಟಿನ ಅಂಚಿಗೆ ಆಗಲೇ ಕೈಹಾಕಿದ್ದರು.

ತಾತ ಮಗಳ ಭುಜ ಹುಡುಕಿ ಅದರ ಮೇಲೆ ಕೈಯಿಟ್ಟರು. ಅವಳು ನಡುಗುತ್ತಿದ್ದದ್ದು ಅವರಿಗೆ ತಿಳಿದಿರಬೇಕು.

"ಬೀಗರೇ," ಎಂದರು, "ಹೆಸರೇನು ನೋಡ್ತೀರಿ, ಕೆಲಸಾನೇ ನೋಡಿ. ಏನಮ್ಮಾ ಬೀಗದಕ್ಕ, ನಾಲ್ಕು ಬೆರಳುದ್ದದ ಒಂದು ಮೊಳೆ, ಒಂದು ಸುತ್ತಿಗೆ ಕೊಡು. ಈ ಬಾಗಿಲನ್ನ ಇನ್ನು ಯಾರೂ ಎತ್ತೋದು ಬೇಡ. ಮಕ್ಕಳುಮರಿ ಓಡಾಡೋ ಜಾಗ, ಮೇಲೆ ಬಿದ್ರೆ ಕಷ್ಟ."

ನನಗೆ ಎಲ್ಲ ಅರ್ಥವಾಯಿತು. ಅವರಿಗೆ ಯಾವಾಗಲೋ ಎಲ್ಲ ಅರ್ಥವಾಗಿತ್ತು ಎಂಬುದೂ ಅರ್ಥವಾಯಿತು. ಮಂಟಪ ಕಟ್ಟುವವರ ಪೆಟ್ಟಿಗೆಯಿಂದ ಮೊಳೆ, ಸುತ್ತಿಗೆ ತಂದು ಕೊಟ್ಟೆ. ಅವರು ಎಡಗೈ ಹೆಬ್ಬೆರಳಿನಿಂದ ಬಾಗಿಲು ಚೌಕಟ್ಟಿಗೆ ಸೇರುವ ಜಾಗ ಹುಡುಕಿ ಮೊಳೆ ನಿಲ್ಲಿಸಿದರು. ಸುತ್ತಿಗೆಯ ಹಿಡಿಯನ್ನು ತುದಿಯಲ್ಲಿ ಹಿಡಿದರು. ಆ ಕೈ ಮಾತ್ರ ನಡುಗುತ್ತಿರಲಿಲ್ಲ.

ಈಗ ನನ್ನ ಸರದಿ. ಅವತ್ತು ಮಾತು ಹೊರಡದೆ ಹಿಂದೆ ನಿಂತ ಸಾಲ ಹಾಗೇ ಉಳಿದಿತ್ತು. ಕೆಳಗೆ ವಾದ್ಯದವರಿಗೆ ಯಾವಾಗ ಬಾರಿಸಬೇಕೆಂದು ಮೇಲಿನಿಂದ ಗೊಂಚಲು ಎತ್ತಿ ಸನ್ನೆ ಮಾಡುವುದು ಮದುವೆಯ ದಿನ ನನ್ನದೇ ಕೆಲಸ. ಮದುಮಗಳು ಇಳಿಯಲು ಇನ್ನೂ ಅರ್ಧ ಗಂಟೆಯಿತ್ತು. ನಾನು ನೂರ ಅರವತ್ತಮೂರು ಬೀಗದ ಕೈಗಳನ್ನೂ ತಲೆಯ ಮೇಲೆತ್ತಿ ಝಳಪಿಸಿದೆ. ಅದರ ಜೊತೆಗೇ ತಾತನಿಗೂ ದೊಡ್ಡಪ್ಪನಿಗೂ ನಡುವೆ ನನ್ನ ಬೆನ್ನನ್ನು ತಂದು ನಿಲ್ಲಿಸಿದೆ. ನನ್ನ ಬೆನ್ನಿನ ಅಗಲ ಗೊತ್ತಲ್ಲ, ಎದುರು ಬಂದರೆ ಗ್ರಹಣ ಹಿಡಿದ ಹಾಗೆ. ಕೆಳಗಿನಿಂದ ವಾದ್ಯ ಮೊಳಗಿತು. ಬಂಗಲೆ ಅಡಿಪಾಯದ ಸಮೇತ ಅದುರಿತು. ಬಾವಲಿಗಳ ಸಂತಾನ ಉಳಿದಿದ್ದರೆ ಅದೂ ಅವತ್ತೇ ಗುಳೆ ಹೊರಟಿರಬೇಕು.

ಆ ಗದ್ದಲದಲ್ಲಿ ತಾತನ ತೋಳು ಎದ್ದು ಬಿತ್ತು.

ವಾದ್ಯ ನಿಂತಾಗ ನಾನು ಪಕ್ಕಕ್ಕೆ ಸರಿದೆ. ಮೊಳೆ ತಲೆಯವರೆಗೂ ಮರದೊಳಗೆ ಇಳಿದಿತ್ತು, ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ. ತಾತ ಸುತ್ತಿಗೆ ಹಿಡಿದೇ ಗೋಡೆಗೆ ಒರಗಿ ಉಸಿರು ತೆಗೆದುಕೊಳ್ಳುತ್ತಿದ್ದರು. ದೊಡ್ಡಪ್ಪ ಹೆಬ್ಬೆರಳಿನಿಂದ ಮೊಳೆಯ ತಲೆ ಒತ್ತಿ ನೋಡಿ, ನನ್ನ ಕಡೆ ತಿರುಗಿದರು.

"ಎಷ್ಟು ಏಟು?"

ತಾತನ ಪಕ್ಕದಲ್ಲೇ ನಿಂತು ನೋಡಿದವಳು ನಾನು. ಚೆನ್ನಾಗಿ ಎಣಿಸಿದ್ದೆ.

"ಒಂದೇ," ಎಂದೆ.

ಮೆಟ್ಟಿಲ ತುದಿಯಲ್ಲಿ ಅಲಂಕಾರ ಮುಗಿಸಿ ಬಂದು ನಿಂತಿದ್ದ ಹುಡುಗಿ ತಾತನ ಕಡೆ ನೋಡಿ ನಕ್ಕಳು. ತಾಯಿ ಅಪ್ಪನ ಕೈಯಿಂದ ಸುತ್ತಿಗೆ ತೆಗೆದುಕೊಂಡು ತಮ್ಮ ಚೀಲದಲ್ಲಿ ಇಟ್ಟುಕೊಂಡರು. ಮಂಟಪ ಕಟ್ಟುವವರು ಅದನ್ನು ಇವತ್ತಿಗೂ ಹುಡುಕುತ್ತಿದ್ದಾರೆ. ಬಾಗಿಲು ಅಲ್ಲೇ ಇದೆ, ಮೊಳೆಯೂ ಇದೆ, ಬಂದರೆ ತೋರಿಸುತ್ತೇನೆ. ಇಷ್ಟು ಹೊತ್ತು ನಾನು ಹೇಳಿದ ಅಂಕಿಗಳಲ್ಲಿ ನಿಮಗೆ ಬೇಕಾದ್ದನ್ನು ಬಿಡಿ, ಬೇಕಾದ್ದನ್ನು ಇಟ್ಟುಕೊಳ್ಳಿ. ಹೆಚ್ಚಿಸಿ ಹೇಳದ ಅಂಕಿ ಮಾತ್ರ ಆ ಏಟಿನದೊಂದೇ.